ಕಿತ್ತ ಮೇಲೆ ಉಳಿಯುವುದೇನು?

ಒಂದು ವಸ್ತುವನ್ನು ಒಂದೆಡೆ ಇಡುವುದು, ಅದನ್ನೇ ಅಲ್ಲಿಂದ ತೆಗೆಯುವುದು—ಇವೆರಡೂ ಒಂದಕ್ಕೊಂದು ನೇರವಾಗಿ ವಿರುದ್ಧವಾದ ಕ್ರಿಯೆಗಳೆಂದು ನಾವು ಸಹಜವಾಗಿ ಭಾವಿಸುತ್ತೇವೆ. ಮೇಜಿನ ಮೇಲೆ ಪುಸ್ತಕವನ್ನಿಟ್ಟು ಮತ್ತೆ ತೆಗೆದರೆ ಮೇಜು ಮೊದಲಿದ್ದಂತೆಯೇ ಇರುತ್ತದೆ. ಆದರೆ ಲೋಕದ ಸಂಬಂಧಗಳೆಲ್ಲವೂ ಮೇಜು-ಪುಸ್ತಕಗಳ ಸಂಬಂಧದಂತಿರುವುದಿಲ್ಲ. ಹಾಲಿಗೆ ಹೆಪ್ಪು ಹಾಕಿದವನು ಮರುದಿನ ಹೆಪ್ಪನ್ನಷ್ಟೇ ತೆಗೆದು ಹಾಲನ್ನು ಮರಳಿ ಪಡೆಯಲಾರನು. ಗಣಕಯಂತ್ರಕ್ಕೆ ಹೊಸ ತಂತ್ರಾಂಶವನ್ನು ಹಾಕುವುದೂ ಅದನ್ನು ತೆಗೆಯುವುದೂ ಮೇಜಿನ ಮೇಲಣ ಪುಸ್ತಕದಂತೆ ಸುಲಭವೆ, ಹಾಲಿಗೆ ಬಿದ್ದ ಹೆಪ್ಪಿನಂತೆ ಅಸಾಧ್ಯವೆ ಎಂದು ಕೇಳಿದರೆ, ಉತ್ತರವು ಇವೆರಡರ ನಡುವೆ ಎಲ್ಲಿಯೋ ಇದೆ ಎನ್ನಬೇಕಾಗುತ್ತದೆ. ಆ ನಡುವಣ ಸ್ಥಳವು ಎಲ್ಲಿದೆಯೆಂಬುದನ್ನು ತಿಳಿಯಲು ಬ್ರೌಸರಿನಷ್ಟು ಒಳ್ಳೆಯ ಉದಾಹರಣೆ ಬೇರೊಂದಿಲ್ಲ.

ಬ್ರೌಸರ್ ಎಂದರೆ ಅಂತರಜಾಲದ ಪುಟಗಳನ್ನು ತಂದು ತೆರೆಯ ಮೇಲೆ ಮೂಡಿಸುವ ತಂತ್ರಾಂಶವೆಂಬುದನ್ನು ವಾಚಕರು ಬಲ್ಲರು. ಅದರ ಹೊಸ ಆವೃತ್ತಿಯೊಂದು ಬರುತ್ತದೆ. ಗೃಹಸ್ಥನು ಅದನ್ನು ಹಾಕಿಕೊಳ್ಳುತ್ತಾನೆ. ಹೊಸತು ನಿಧಾನವಾಗಿ ನಡೆಯುತ್ತದೆಯೆಂದೋ, ತನಗೆ ಅಭ್ಯಾಸವಾದ ಗುಂಡಿಗಳು ಸ್ಥಳ ಬದಲಿಸಿವೆಯೆಂದೋ, ಬ್ಯಾಂಕಿನ ಪುಟವೊಂದು ಸರಿಯಾಗಿ ತೆರೆಯುವುದಿಲ್ಲವೆಂದೋ ಬೇಸರಗೊಂಡು ಎರಡು ದಿನಗಳಲ್ಲಿಯೇ ಅದನ್ನು ತೆಗೆದುಹಾಕುತ್ತಾನೆ. ಇನ್ನು ಎಲ್ಲವೂ ಮೊದಲಿನಂತಾಗಬೇಕು. ಆದರೆ ಆಗುವುದಿಲ್ಲ, ಅದುವರೆಗೆ ಇಲ್ಲದಿದ್ದ ತೊಂದರೆಗಳು ಅಂದಿನಿಂದ ಕಾಣಿಸಿಕೊಳ್ಳುತ್ತವೆ.

ದೂರದ ಅಂಗಗಳಲ್ಲಿ ನೋವು

ಈ ತೊಂದರೆಗಳ ವಿಶೇಷವೆಂದರೆ, ಅವು ಬ್ರೌಸರಿನಲ್ಲಿಯೇ ತೋರುತ್ತವೆಂಬ ನಿಯಮವಿಲ್ಲ. ಕಾಗದಗಳನ್ನು ಓದುವ ಮಿಂಚಂಚೆಯ ತಂತ್ರಾಂಶದಲ್ಲಿ ಪತ್ರದ ಸ್ಥಳದಲ್ಲಿ ಬರಿಯ ಬಿಳಿಯ ಹಾಳೆ ಕಾಣುತ್ತದೆ. ಬೇರೊಂದು ತಂತ್ರಾಂಶದ ಸಹಾಯಪುಟಗಳು ತೆರೆಯುವುದಿಲ್ಲ. ಪತ್ರದೊಳಗಿನ ಕೊಂಡಿಯನ್ನು ಒತ್ತಿದರೆ ಏನೂ ನಡೆಯುವುದಿಲ್ಲ. ಪುಟ ಬಂದರೂ ಅದರ ಗುಂಡಿಗಳು ಒತ್ತಿದುದಕ್ಕೆ ಓಗೊಡುವುದಿಲ್ಲ. ಇನ್ನು ಕೆಲವೆಡೆ ಯಂತ್ರವು ಜಾಲಕ್ಕೆ ಸೇರಿಯೇ ಇದ್ದರೂ ಬ್ರೌಸರು ಮಾತ್ರ ಜಾಲವೇ ಇಲ್ಲವೆಂದು ಸಾಧಿಸುತ್ತದೆ.

ಕಾಲಿನ ಹೆಬ್ಬೆರಳಿನ ಗಾಯಕ್ಕೆ ತೊಡೆಯ ಸಂದಿನಲ್ಲಿ ಗಂಟು ಕಟ್ಟಿಕೊಳ್ಳುವುದನ್ನು ನಾವು ಬಲ್ಲೆವು. ಶರೀರಶಾಸ್ತ್ರವನ್ನು ಅರಿಯದವನಿಗೆ ಅವೆರಡು ಬೇರೆ ಬೇರೆ ಕಾಯಿಲೆಗಳಂತೆ ಕಾಣುತ್ತವೆ. ಅರಿತವನಿಗೆ ನಡುವಣ ನಾಳವು ಕಾಣುತ್ತದೆ. ಗಣಕದಲ್ಲಿಯೂ ಹಾಗೆಯೇ. ದೂರದಲ್ಲಿರುವ ಎರಡು ತಂತ್ರಾಂಶಗಳು ಒಟ್ಟಿಗೆ ಕಾಯಿಲೆ ಬಿದ್ದರೆ, ಅವೆರಡನ್ನೂ ಕೂಡಿಸುವ ನಾಳವು ಯಾವುದು ಎಂದು ಕೇಳುವುದೇ ಚಿಕಿತ್ಸೆಯ ಮೊದಲ ಹೆಜ್ಜೆ.

ಊರ ಬಾವಿಯ ರಾಟೆ

ಮೈಕ್ರೋಸಾಫ್ಟ್ ಸಂಸ್ಥೆಯ ಇಂಟರ್ನೆಟ್ ಎಕ್ಸ್‌ಪ್ಲೋರರ್ ಎಂಬ ಬ್ರೌಸರು ೧೯೯೫ನೆಯ ಇಸವಿಯಲ್ಲಿ ಹೊರಬಂದಿತು. ಆಗ ಅದೊಂದು ಬಿಡಿ ತಂತ್ರಾಂಶವಾಗಿತ್ತು. ೧೯೯೭ರಲ್ಲಿ ಬಂದ ಅದರ ನಾಲ್ಕನೆಯ ಆವೃತ್ತಿಯ ವೇಳೆಗೆ ಪರಿಸ್ಥಿತಿ ಬದಲಾಯಿತು. ಪುಟವನ್ನು ಓದಿ ಅಕ್ಷರ, ಚಿತ್ರ, ಪಟ್ಟಿಗಳನ್ನಾಗಿ ತೆರೆಯ ಮೇಲೆ ಹರಡುವ ಮುಖ್ಯ ಕೆಲಸವನ್ನು ಎಂ.ಎಸ್.ಎಚ್.ಟಿ.ಎಂ.ಎಲ್. ಎಂಬ ಹೆಸರಿನ ಒಂದು ಫೈಲಿಗೆ ಒಪ್ಪಿಸಲಾಯಿತು. ಜಾಲದೊಡನೆ ಮಾತನಾಡುವ ಕೆಲಸವು ವಿನ್‌ಇನೆಟ್ ಎಂಬ ಇನ್ನೊಂದು ಫೈಲಿನದು. ಪುಟಗಳೊಳಗಿನ ಆಜ್ಞೆಗಳನ್ನು ನಡೆಯಿಸುವ ಕೆಲಸವು ಜೆ-ಸ್ಕ್ರಿಪ್ಟ್ ಎಂಬ ಮತ್ತೊಂದರದು. ಬಳಕೆದಾರನು ಬ್ರೌಸರೆಂದು ಕರೆಯುವ ಚೌಕಟ್ಟು, ಗುಂಡಿ, ವಿಳಾಸದ ಪಟ್ಟಿಗಳೆಲ್ಲ ಈ ಎತ್ತುಗಳಿಗೆ ಹೂಡಿದ ಗಾಡಿಯಷ್ಟೆ.

ಇಂತಹ ಫೈಲುಗಳನ್ನು ಡಿ.ಎಲ್.ಎಲ್. ಎಂದು ಕರೆಯುತ್ತಾರೆ. ಒಂದೇ ಕೆಲಸವನ್ನು ಹತ್ತು ತಂತ್ರಾಂಶಗಳು ಮಾಡಬೇಕಾದಾಗ ಪ್ರತಿಯೊಂದೂ ಅದಕ್ಕೆ ಬೇಕಾದ ಸಾಧನವನ್ನು ಹೊತ್ತು ತರುವುದಕ್ಕೆ ಬದಲು, ಎಲ್ಲವೂ ಒಂದೇ ಸಾಧನವನ್ನು ಹಂಚಿಕೊಳ್ಳಲಿ ಎಂಬುದೇ ಇದರ ಉದ್ದೇಶ. ನೆನಪಿನ ಸ್ಥಳವೂ ತಟ್ಟೆಯ ಸ್ಥಳವೂ ದುಬಾರಿಯಾಗಿದ್ದ ಕಾಲದಲ್ಲಿ ಇದು ಬುದ್ಧಿವಂತಿಕೆಯ ಏರ್ಪಾಡೇ ಸರಿ. ಹೀಗಾಗಿ ಪುಟ ಬಿಡಿಸುವ ಅದೇ ಫೈಲನ್ನು ಔಟ್‌ಲುಕ್ ಎಕ್ಸ್‌ಪ್ರೆಸ್ ಎಂಬ ಅಂಚೆಯ ತಂತ್ರಾಂಶವು ಪತ್ರಗಳನ್ನು ತೋರಿಸಲು ಉಪಯೋಗಿಸಿಕೊಂಡಿತು. ವಿಂಡೋಸಿನ ಸಹಾಯಪುಟಗಳೂ ಅದನ್ನೇ ಆಶ್ರಯಿಸಿದುವು. ಬೇರೆ ಬೇರೆ ಸಂಸ್ಥೆಗಳವರು ಬರೆದ ಎಷ್ಟೋ ತಂತ್ರಾಂಶಗಳೂ ಅದನ್ನೇ ನಂಬಿದುವು.

ಊರಿನವರೆಲ್ಲ ನೀರು ಸೇದುವ ಒಂದು ಬಾವಿಯನ್ನು ಭಾವಿಸಿಕೊಳ್ಳಿ. ಹೊಸದಾಗಿ ಬಂದ ಮನೆಯವರು ಹಳೆಯ ಮರದ ರಾಟೆಯನ್ನು ತೆಗೆದು ಅಟ್ಟದ ಮೇಲಿಟ್ಟು ಕಬ್ಬಿಣದ ರಾಟೆಯನ್ನು ಕೂರಿಸಿದರು. ಊರಿನವರು ಅದಕ್ಕೊಪ್ಪುವ ದಪ್ಪ ಹಗ್ಗಗಳನ್ನು ಕೊಂಡುಕೊಂಡರು. ಆರು ತಿಂಗಳ ತರುವಾಯ ಆ ಮನೆಯವರು ಊರು ಬಿಡುವಾಗ ತಮ್ಮ ರಾಟೆಯನ್ನು ಬಿಚ್ಚಿಕೊಂಡು, ಅಟ್ಟದ ಮೇಲಿದ್ದ ಮರದ ರಾಟೆಯನ್ನು ಯಥಾಸ್ಥಾನದಲ್ಲಿಟ್ಟು ಹೋದರು. ಅವರು ಯಾರಿಗೂ ಅನ್ಯಾಯ ಮಾಡಲಿಲ್ಲ. ಇದ್ದುದನ್ನು ಇದ್ದಂತೆಯೇ ಒಪ್ಪಿಸಿದರು. ಆದರೂ ಮರುದಿನ ಬೆಳಗ್ಗೆ ಊರಿನಲ್ಲಿ ಯಾರಿಗೂ ನೀರಿಲ್ಲ. ಹೊಸ ಹಗ್ಗವು ಹಳೆಯ ರಾಟೆಯಲ್ಲಿ ಓಡುವುದಿಲ್ಲ!

ನಮ್ಮ ಕನ್ನಡಕ್ಕೂ ಇಂತಹ ಒಂದು ರಾಟೆಯೊಡನೆ ಸಂಬಂಧವುಂಟು. ಕನ್ನಡದ ಒತ್ತಕ್ಷರಗಳನ್ನು ಅಕ್ಷರದ ಕೆಳಗೂ ಪಕ್ಕಕ್ಕೂ ಯೋಗ್ಯ ಸ್ಥಳದಲ್ಲಿ ಕೂರಿಸಲು ವಿಂಡೋಸಿನಲ್ಲಿ ಯೂನಿಸ್ಕ್ರೈಬ್ ಎಂಬ ಏರ್ಪಾಡು ಬಂದಿತು. ಅದು ಮೊದಲು ಹೊರಬಂದುದು ವಿಂಡೋಸ್ ೨೦೦೦ದ ಜೊತೆಗೆ ಮತ್ತು ಇಂಟರ್ನೆಟ್ ಎಕ್ಸ್‌ಪ್ಲೋರರಿನ ಐದನೆಯ ಆವೃತ್ತಿಯ ಜೊತೆಗೆ. ಕನ್ನಡಕ್ಕೆ ಅದರಲ್ಲಿ ಸ್ಥಾನ ದೊರೆತುದು ೨೦೦೧ರಲ್ಲಿ, ವಿಂಡೋಸ್ ಎಕ್ಸ್‌ಪಿ ಬಂದಾಗ. ತುಂಗಾ ಎಂಬ ಕನ್ನಡ ಲಿಪಿಯ ಫಾಂಟೂ ಅದರೊಡನೆಯೇ ಬಂದಿತು. ಅಕ್ಷರ ಜೋಡಿಸುವಂತಹ ಮೂಲಭೂತವಾದ ಕೆಲಸವೂ ಬ್ರೌಸರಿನ ಪೆಟ್ಟಿಗೆಯಲ್ಲಿ ಬರುತ್ತಿದ್ದ ಕಾಲವದು. ಬ್ರೌಸರೆಂಬುದು ಬರಿಯ ಬ್ರೌಸರಾಗಿರಲಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ನ್ಯಾಯಾಲಯದಲ್ಲಿ ಒಂದು ಪ್ರಯೋಗ

ಬ್ರೌಸರನ್ನು ತೆಗೆಯಬಹುದೇ ಎಂಬ ಈ ಪ್ರಶ್ನೆಯು ಒಮ್ಮೆ ಅಮೆರಿಕದ ನ್ಯಾಯಾಲಯದ ಕಟ್ಟೆಯನ್ನೇ ಏರಿತ್ತು. ೧೯೯೮ನೆಯ ಇಸವಿ ಮೇ ೧೮ರಂದು ಅಮೆರಿಕ ಸರಕಾರವೂ ಅನೇಕ ಸಂಸ್ಥಾನಗಳೂ ಮೈಕ್ರೋಸಾಫ್ಟ್ ಸಂಸ್ಥೆಯ ಮೇಲೆ ಏಕಸ್ವಾಮ್ಯದ ದಾವೆಯನ್ನು ಹೂಡಿದುವು. ವಿಂಡೋಸಿನೊಡನೆ ಬ್ರೌಸರನ್ನು ಬಿಗಿದು ಮಾರಿ ಪ್ರತಿಸ್ಪರ್ಧಿಗಳನ್ನು ಹತ್ತಿಕ್ಕಲಾಗುತ್ತಿದೆಯೆಂಬುದು ಆರೋಪಗಳಲ್ಲೊಂದು. ಬ್ರೌಸರು ವಿಂಡೋಸಿನ ಅಂಗವೇ ಆಗಿದೆ, ಅದನ್ನು ಕಿತ್ತರೆ ವಿಂಡೋಸು ಕೆಡುತ್ತದೆ ಎಂಬುದು ಸಂಸ್ಥೆಯ ಉತ್ತರ.

ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯದ ಗಣಕವಿಜ್ಞಾನಿ ಎಡ್ವರ್ಡ್ ಫೆಲ್ಟನ್ ಅವರು ಸರಕಾರದ ಪಕ್ಷದ ಸಾಕ್ಷಿ. ವಿಂಡೋಸ್ ೯೮ರಿಂದ ಜಾಲಪುಟಗಳನ್ನು ನೋಡುವ ಸೌಕರ್ಯವನ್ನು ತೆಗೆದುಹಾಕುವ ಒಂದು ತಂತ್ರಾಂಶವನ್ನು ಸಿದ್ಧಪಡಿಸಿ, ೧೯೯೮ರ ಡಿಸೆಂಬರಿನಲ್ಲಿ ಅವರು ಸಾಕ್ಷ್ಯ ನುಡಿದರು. ಫೆಲ್ಟನ್ ತೆಗೆದುದು ಗಾಡಿಯನ್ನು ಮಾತ್ರ, ಎತ್ತುಗಳು ಒಳಗೇ ಇವೆ ಎಂಬುದು ಎದುರುಪಕ್ಷದ ವಾದದ ಸಾರ. ೧೯೯೯ರ ಫೆಬ್ರವರಿಯಲ್ಲಿ ಸಂಸ್ಥೆಯ ಹಿರಿಯ ಅಧಿಕಾರಿ ಜಿಮ್ ಆಲ್ಚಿನ್ ಅವರು ಒಂದು ಚಲಚ್ಚಿತ್ರವನ್ನು ಮುಂದಿಟ್ಟು, ಫೆಲ್ಟನ್ನರ ತಂತ್ರಾಂಶವನ್ನು ನಡೆಯಿಸಿದ ಮೇಲೆ ವಿಂಡೋಸು ಹೇಗೆ ಮಂದಗೊಳ್ಳುತ್ತದೆಂಬುದನ್ನು ತೋರಿಸಿದರು. ಆದರೆ ಸರಕಾರದ ವಕೀಲ ಡೇವಿಡ್ ಬಾಯ್ಸ್ ಚಿತ್ರವನ್ನು ತಡೆತಡೆದು ನೋಡಿಸಿ, ಕಿಟಕಿಯ ತಲೆಬರಹವು ಫೆಲ್ಟನ್ನರ ತಂತ್ರಾಂಶ ನಡೆದ ಯಂತ್ರದಲ್ಲಿ ಇರಬೇಕಾದಂತೆ ಇಲ್ಲವೆಂಬುದನ್ನು ಬಯಲಿಗೆಳೆದರು. ಪ್ರಯೋಗವನ್ನು ಮತ್ತೊಮ್ಮೆ ಮಾಡಬೇಕಾಯಿತು.

ಗಣಕದ ಕಾಯಿಲೆಯನ್ನು ಹುಡುಕುವವನಿಗೆ ಈ ಪ್ರಸಂಗದಿಂದ ಒಂದು ದೊಡ್ಡ ಪಾಠವುಂಟು. ಏನನ್ನು ಬದಲಿಸಿದೆವು, ಯಾವ ಯಂತ್ರದಲ್ಲಿ ಬದಲಿಸಿದೆವು, ಅದೊಂದನ್ನು ಬಿಟ್ಟು ಬೇರೇನೂ ಬದಲಾಗಿರಲಿಲ್ಲವೆ—ಈ ಮೂರು ಪ್ರಶ್ನೆಗಳಿಗೆ ಖಚಿತವಾದ ಉತ್ತರವಿಲ್ಲದ ಪ್ರಯೋಗವು ಏನನ್ನೂ ಸಿದ್ಧಪಡಿಸುವುದಿಲ್ಲ. ಅದನ್ನು ಮಾಡಿದವರು ಎಷ್ಟೇ ದೊಡ್ಡವರಾಗಲಿ.

ಮೊಕದ್ದಮೆಯ ಕೊನೆಯೂ ನಮ್ಮ ವಿಷಯಕ್ಕೆ ಸಂಬಂಧಿಸಿದುದೇ. ಕೆಳಗಿನ ನ್ಯಾಯಾಲಯವು ೨೦೦೦ದ ಜೂನಿನಲ್ಲಿ ಸಂಸ್ಥೆಯನ್ನು ಎರಡಾಗಿ ಒಡೆಯಬೇಕೆಂದು ಆಜ್ಞೆ ಮಾಡಿತು. ೨೦೦೧ರ ಜೂನ್ ೨೮ರಂದು ಮೇಲ್ಮನವಿಯ ನ್ಯಾಯಾಲಯವು ಆ ಆಜ್ಞೆಯನ್ನು ರದ್ದುಮಾಡಿದರೂ ಎರಡು ಸಂಗತಿಗಳನ್ನು ತಪ್ಪೆಂದು ಎತ್ತಿಹಿಡಿಯಿತು: ಬ್ರೌಸರಿನ ಮತ್ತು ವಿಂಡೋಸಿನ ಆಜ್ಞಾವಳಿಗಳನ್ನು ಒಂದೇ ಫೈಲಿನಲ್ಲಿ ಬೆರೆಸಿದುದು, ಮತ್ತು ತೆಗೆದುಹಾಕಬಹುದಾದ ತಂತ್ರಾಂಶಗಳ ಪಟ್ಟಿಯಿಂದ ಬ್ರೌಸರಿನ ಹೆಸರನ್ನು ಬಿಟ್ಟುದು.

ಹಿಂದಿನ ದಿನಕ್ಕೆ ಹಿಂದಿರುಗಬಹುದೆ?

ಹೊಸ ಆವೃತ್ತಿಯು ಯಂತ್ರದೊಳಗೆ ಬರುವಾಗ ನಡೆಯುವ ಕ್ರಿಯೆಗಳು ಮುಖ್ಯವಾಗಿ ಮೂರು. ಹಳೆಯ ಫೈಲುಗಳನ್ನು ಒಂದು ಕಡೆ ಕಟ್ಟಿಡುವುದು ಮೊದಲನೆಯದು. ವಿಂಡೋಸ್ ಎಕ್ಸ್‌ಪಿಯಲ್ಲಿ ೨೦೦೬ರ ಏಳನೆಯ ಆವೃತ್ತಿಗೂ ೨೦೦೯ರ ಎಂಟನೆಯ ಆವೃತ್ತಿಗೂ ಇದಕ್ಕಾಗಿ ಪ್ರತ್ಯೇಕ ಫೋಲ್ಡರುಗಳೇ ಇದ್ದುವು. ಹೊಸ ಫೈಲುಗಳನ್ನು ಹಾಕುವುದು ಎರಡನೆಯದು. ವಿಂಡೋಸಿನ ರಿಜಿಸ್ಟ್ರಿಯಲ್ಲಿ, ಎಂದರೆ ಯಂತ್ರದ ಖಾತೆಪುಸ್ತಕದಲ್ಲಿ, ಹೊಸ ವಿಳಾಸಗಳನ್ನು ಬರೆಯುವುದು ಮೂರನೆಯದು. ವಿಂಡೋಸಿನ ಇಂತಹ ಎಷ್ಟೋ ಅಂಗಗಳಿಗೆ ೧೨೮ ಬಿಟ್ಟುಗಳ ಗುರುತುಸಂಖ್ಯೆಯೊಂದಿರುತ್ತದೆ. ಅಂಗವನ್ನು ಬೇಡುವ ತಂತ್ರಾಂಶವು ಆ ಸಂಖ್ಯೆಯನ್ನು ಹೇಳಿದರೆ, ಅದು ಯಾವ ಫೈಲಿನಲ್ಲಿದೆಯೆಂಬುದನ್ನು ರಿಜಿಸ್ಟ್ರಿ ತಿಳಿಸುತ್ತದೆ. ತೆಗೆಯುವಾಗ ಈ ಮೂರನ್ನೂ ಹಿಂದುಮುಂದಾಗಿ ಮಾಡಬೇಕು. ಫೈಲು ಹಿಂದಿರುಗಿ ವಿಳಾಸ ಹಿಂದಿರುಗದಿದ್ದರೆ, ಇರುವ ಮನುಷ್ಯನನ್ನು ಇಲ್ಲದ ಮನೆಯಲ್ಲಿ ಹುಡುಕಿದಂತಾಗುತ್ತದೆ. ಒತ್ತಿದರೂ ಓಗೊಡದ ಗುಂಡಿಗಳ ಹಿಂದೆ ಅನೇಕ ವೇಳೆ ಇರುವುದು ಇದೇ.

ಇದಕ್ಕಿಂತ ಸೂಕ್ಷ್ಮವಾದ ತೊಡಕು ಮತ್ತೊಂದುಂಟು. ಕಟ್ಟಿಟ್ಟ ಫೈಲುಗಳು ಕಟ್ಟಿಟ್ಟ ದಿನದವು. ಯಂತ್ರವಾದರೋ ಅಂದಿನಿಂದ ಮುಂದೆ ಸಾಗಿರುತ್ತದೆ. ೨೦೦೮ರ ಮೇ ತಿಂಗಳಿನಲ್ಲಿ ವಿಂಡೋಸ್ ಎಕ್ಸ್‌ಪಿಯ ಮೂರನೆಯ ದೊಡ್ಡ ದುರಸ್ತಿ ಸಂಪುಟವು ಹೊರಬಂದಾಗ ಇದು ಸ್ಪಷ್ಟವಾಗಿ ಕಾಣಿಸಿತು. ಏಳನೆಯ ಆವೃತ್ತಿಯ ಬ್ರೌಸರಿದ್ದ ಯಂತ್ರಕ್ಕೆ ಆ ಸಂಪುಟವನ್ನು ಹಾಕಿದರೆ, ಅಂದಿನಿಂದ ಬ್ರೌಸರನ್ನು ತೆಗೆಯುವ ಗುಂಡಿಯೇ ಮಂಕಾಗಿ ನಿಷ್ಕ್ರಿಯವಾಗುತ್ತಿತ್ತು. ಇದು ಹಟವಲ್ಲ, ವಿವೇಕ. ಕಟ್ಟಿಟ್ಟಿದ್ದ ಆರನೆಯ ಆವೃತ್ತಿಯ ಫೈಲುಗಳು ಎರಡನೆಯ ಸಂಪುಟದ ಕಾಲದವು. ಮಿಕ್ಕ ವಿಂಡೋಸು ಮೂರನೆಯ ಸಂಪುಟದ್ದು. ಹಳೆಯವನ್ನು ಮರಳಿ ಹಾಕಿದ್ದರೆ ಯಂತ್ರವು ಅರ್ಧ ಹಳತು, ಅರ್ಧ ಹೊಸತಾಗಿ ಎಂದೂ ಯಾರೂ ಪರೀಕ್ಷಿಸದ ಒಂದು ಮಿಶ್ರಜಾತಿಯಾಗುತ್ತಿತ್ತು. ಬ್ರೌಸರನ್ನು ತೆಗೆಯಬೇಕೆನ್ನುವವನು ಮೊದಲು ಆ ಸಂಪುಟವನ್ನು ತೆಗೆದು ಅನಂತರ ಬ್ರೌಸರಿಗೆ ಕೈಹಾಕಬೇಕಾಗಿತ್ತು. ಕೊನೆಗೆ ಪೇರಿಸಿದ ಮಡಕೆಯನ್ನು ಮೊದಲು ಇಳಿಸಬೇಕೆಂಬುದು ಕುಂಬಾರನಿಗೆ ಗೊತ್ತಿರುವ ನ್ಯಾಯವೇ.

೨೦೦೯ರ ವಿಂಡೋಸ್ ೭ರಲ್ಲಿ ಇನ್ನೊಂದು ಏರ್ಪಾಡು ಬಂದಿತು. ಅದರೊಡನೆ ಬಂದುದು ಎಂಟನೆಯ ಆವೃತ್ತಿಯ ಬ್ರೌಸರು. ಮುಂದೆ ಬಂದ ಒಂಬತ್ತು, ಹತ್ತು, ಹನ್ನೊಂದನೆಯ ಆವೃತ್ತಿಗಳು ತಂತ್ರಾಂಶಗಳ ಪಟ್ಟಿಯಲ್ಲಲ್ಲದೆ ನವೀಕರಣಗಳ ಪಟ್ಟಿಯಲ್ಲಿ ಸೇರಿಕೊಂಡುವು. ಅಲ್ಲಿಂದ ತೆಗೆದರೆ ಹಿಂದಿನ ಆವೃತ್ತಿಯು ಮೇಲೆದ್ದು ಬರುತ್ತಿತ್ತು. ಬ್ರೌಸರನ್ನು ಪೂರ್ತಿಯಾಗಿ ಮುಚ್ಚುವ ಸೌಕರ್ಯವೂ ಆಗ ದೊರೆಯಿತು. ಆದರೆ ಮುಚ್ಚಿದಾಗ ಮರೆಯಾಗುತ್ತಿದ್ದುದು ಗಾಡಿ ಮಾತ್ರ. ಇತರ ತಂತ್ರಾಂಶಗಳು ನೆಚ್ಚಿಕೊಂಡಿದ್ದ ಎತ್ತುಗಳು ಕೊಟ್ಟಿಗೆಯಲ್ಲಿಯೇ ಉಳಿಯುತ್ತಿದ್ದುವು.

ನಾಳಿನ ಖಾತೆ, ನಿನ್ನೆಯ ಗುಮಾಸ್ತ

ಫೈರ್‌ಫಾಕ್ಸ್, ಕ್ರೋಮ್ ಮುಂತಾದ ಬ್ರೌಸರುಗಳ ಕಥೆ ಬೇರೆ. ಅವು ತಮ್ಮ ಎತ್ತುಗಳನ್ನು ತಮ್ಮ ಮನೆಯಲ್ಲಿಯೇ ಕಟ್ಟಿಕೊಂಡಿರುತ್ತವೆ; ಆದುದರಿಂದ ಅವನ್ನು ತೆಗೆದರೆ ಊರಿನ ಬಾವಿಗೆ ಸಾಮಾನ್ಯವಾಗಿ ತೊಂದರೆಯಿಲ್ಲ. ಆದರೆ ಅಲ್ಲಿ ತೊಡಕು ಬೇರೊಂದು ರೂಪದಲ್ಲಿ ಬರುತ್ತದೆ. ಪುಟಗುರುತುಗಳು, ಪಾಸ್‌ವರ್ಡುಗಳು, ಇತಿಹಾಸ, ಅಭಿರುಚಿಗಳು—ಇವೆಲ್ಲ ಇರುವುದು ಬಳಕೆದಾರನ ಪ್ರೊಫೈಲ್ ಎಂಬ ಪ್ರತ್ಯೇಕ ಖಾತೆಯಲ್ಲಿ. ಹೊಸ ಆವೃತ್ತಿಯು ಮೊದಲ ಬಾರಿ ನಡೆದಾಗ ಈ ಖಾತೆಯನ್ನು ತನಗೆ ಬೇಕಾದ ಹೊಸ ರೀತಿಗೆ ಬರೆದುಕೊಳ್ಳುವುದುಂಟು. ಹಳೆಯ ಬರವಣಿಗೆಯನ್ನು ಓದುವುದು ಹೊಸತಿಗೆ ಗೊತ್ತು. ಹೊಸ ಬರವಣಿಗೆಯನ್ನು ಓದುವುದು ಹಳೆಯದಕ್ಕೆ ಗೊತ್ತಿರಲಾರದು, ಏಕೆಂದರೆ ಅದು ಹುಟ್ಟಿದಾಗ ಅಂತಹ ಬರವಣಿಗೆಯೇ ಇರಲಿಲ್ಲ. ತಂತ್ರಾಂಶವನ್ನು ಹಿಂದಕ್ಕೆ ತಂದರೂ ಖಾತೆಯು ಮುಂದೆಯೇ ಉಳಿದಿರುತ್ತದೆ.

೨೦೧೯ರ ಮೇ ತಿಂಗಳಿನಲ್ಲಿ ಬಂದ ಫೈರ್‌ಫಾಕ್ಸ್ ೬೭ರಿಂದ ಮೊದಲ್ಗೊಂಡು, ಹೊಸ ಆವೃತ್ತಿಯು ಬಳಸಿದ ಖಾತೆಯನ್ನು ಹಳೆಯ ಆವೃತ್ತಿಯು ತೆರೆಯಹೋದರೆ ಆ ಬ್ರೌಸರು ಎಚ್ಚರಿಕೆ ಕೊಟ್ಟು ನಿಲ್ಲುತ್ತದೆ. ಹೊಸ ಖಾತೆಯನ್ನು ತೆರೆಯಲು ಸೂಚಿಸುತ್ತದೆ. ಕ್ರೋಮಿನಲ್ಲಿಯೂ ಖಾತೆಯು ಹೊಸ ಆವೃತ್ತಿಯದೆಂಬ ತಕರಾರು ತೆರೆಯ ಮೇಲೆ ಬರುವುದುಂಟು. ಈ ಸ್ಥಿತಿಯಲ್ಲಿ ಗಾಬರಿಗೊಂಡು ಖಾತೆಯ ಫೋಲ್ಡರನ್ನು ಅಳಿಸಿಬಿಟ್ಟವರು ವರ್ಷಗಳ ಪಾಸ್‌ವರ್ಡುಗಳನ್ನು ಒಂದು ಕ್ಷಣದಲ್ಲಿ ಕಳೆದುಕೊಳ್ಳುತ್ತಾರೆ. ಹೊಸ ಆವೃತ್ತಿಯನ್ನೇ ಮರಳಿ ಹಾಕಿದ್ದರೆ ಅದು ಆ ಖಾತೆಯನ್ನು ಓದುತ್ತಿತ್ತೆಂಬುದು ಅವರಿಗೆ ಹೊಳೆಯುವುದಿಲ್ಲ.

ಪರೀಕ್ಷೆಯ ಕ್ರಮ

ಇಷ್ಟು ತಿಳಿದ ಮೇಲೆ ಚಿಕಿತ್ಸೆಯು ಕಠಿನವಲ್ಲ. ಕ್ರಮ ತಪ್ಪಬಾರದು, ಅಷ್ಟೆ.

ಮೊದಲನೆಯದಾಗಿ, ನಮ್ಮ ಪತ್ರಗಳು, ಲೆಕ್ಕಗಳು, ಮಕ್ಕಳ ಭಾವಚಿತ್ರಗಳು ಮುಂತಾದುವುಗಳ ಪ್ರತಿಯೊಂದನ್ನು ಯಂತ್ರದಿಂದ ಹೊರಗೆ ಇಟ್ಟುಕೊಳ್ಳಬೇಕು. ಕೆಟ್ಟ ಫೈಲುಗಳನ್ನು ಕಾರ್ಖಾನೆಯಿಂದ ಮತ್ತೆ ತರಬಹುದು, ಇವನ್ನು ತರುವಂತಿಲ್ಲ. ಬ್ರೌಸರಿನ ಖಾತೆಯ ಫೋಲ್ಡರೂ ಈ ಗುಂಪಿಗೇ ಸೇರಿದುದು.

ಎರಡನೆಯದಾಗಿ, ಯಂತ್ರವನ್ನು ಒಮ್ಮೆ ಹೊಸದಾಗಿ ಪ್ರಾರಂಭಿಸಬೇಕು. ಬಳಕೆಯಲ್ಲಿರುವ ಫೈಲನ್ನು ವಿಂಡೋಸು ಆಗಲೇ ಬದಲಿಸಲಾರದು. ಮುಂದಿನ ಪ್ರಾರಂಭದಲ್ಲಿ ಬದಲಿಸಬೇಕೆಂದು ಬರೆದಿಟ್ಟುಕೊಳ್ಳುತ್ತದೆ. ಆ ಪ್ರಾರಂಭವಾಗುವವರೆಗೆ ಯಂತ್ರವು ಎರಡು ದೋಣಿಗಳಲ್ಲಿ ಕಾಲಿಟ್ಟಂತಿರುತ್ತದೆ. ಇಲ್ಲೊಂದು ಸೂಕ್ಷ್ಮವುಂಟು. ವಿಂಡೋಸ್ ೮ರಿಂದೀಚೆಗೆ, ಬೇಗ ಏಳಲೆಂಬ ಉದ್ದೇಶದಿಂದ, ಮುಚ್ಚುವ ಗುಂಡಿಯನ್ನು ಒತ್ತಿದಾಗ ವ್ಯವಸ್ಥೆಯ ಒಳಭಾಗವು ಪೂರ್ತಿ ಮುಚ್ಚದೆ ನಿದ್ರಿಸುವ ಏರ್ಪಾಡಿದೆ. ಆದುದರಿಂದ ಮುಚ್ಚಿ ತೆರೆಯುವುದು ಸಾಲದು. ರೀಸ್ಟಾರ್ಟ್ ಎಂಬುದನ್ನೇ ಆರಿಸಬೇಕು.

ಮೂರನೆಯದಾಗಿ, ಯಾವುದು ಕೆಟ್ಟಿದೆ, ಯಾವುದು ಕೆಟ್ಟಿಲ್ಲ ಎಂಬ ಎರಡು ಪಟ್ಟಿಗಳನ್ನು ಬರೆಯಬೇಕು. ಎರಡನೆಯ ಪಟ್ಟಿಯೇ ಹೆಚ್ಚು ಬೆಲೆಯುಳ್ಳದ್ದು. ಯಾವ ತಂತ್ರಾಂಶಕ್ಕೂ ಜಾಲವು ಸಿಗದಿದ್ದರೆ ದೋಷವು ಜಾಲದ ಕಡೆಯದು. ಕೆಲವಕ್ಕೆ ಸಿಕ್ಕಿ ಕೆಲವಕ್ಕೆ ಸಿಗದಿದ್ದರೆ ಪ್ರಾಕ್ಸಿ ಎಂಬ ಮಧ್ಯಸ್ಥನ ವಿಳಾಸವನ್ನು ಪರೀಕ್ಷಿಸಬೇಕು. ವಿಂಡೋಸಿನ ಈ ವಿಳಾಸವನ್ನು ಕ್ರೋಮಿನಂತಹ ಬೇರೆ ಬ್ರೌಸರುಗಳೂ ಓದುವುದರಿಂದ, ಒಂದೆಡೆ ಬರೆದ ತಪ್ಪು ಹಲವೆಡೆ ತೋರುತ್ತದೆ. ಕೊಂಡಿಗಳು ಮಾತ್ರ ತೆರೆಯದಿದ್ದರೆ, ಅವನ್ನು ತೆರೆಯಬೇಕಾದ ತಂತ್ರಾಂಶದ ಹೆಸರು ಇನ್ನೂ ತೆಗೆದುಹಾಕಿದುದರ ಹೆಸರಾಗಿಯೇ ಉಳಿದಿರಬಹುದು. ಸೆಟ್ಟಿಂಗುಗಳಲ್ಲಿ ಹೊಸ ಹೆಸರನ್ನು ಗೊತ್ತುಮಾಡಿದರೆ ಸಾಕು.

ನಾಲ್ಕನೆಯದಾಗಿ, ಅದೇ ಯಂತ್ರದಲ್ಲಿ ಹೊಸ ಬಳಕೆದಾರನ ಹೆಸರೊಂದನ್ನು ಸೃಷ್ಟಿಸಿ ಆ ಹೆಸರಿನಿಂದ ಒಳಹೊಕ್ಕು ನೋಡಬೇಕು. ಇದು ಬಹು ಸುಲಭವೂ ಬಹು ಫಲಕಾರಿಯೂ ಆದ ಪರೀಕ್ಷೆ. ಅಲ್ಲಿ ತೊಂದರೆ ಕಾಣದಿದ್ದರೆ ವಿಂಡೋಸಿನ ಫೈಲುಗಳು ಸ್ವಸ್ಥವಾಗಿವೆ, ದೋಷವು ಹಳೆಯ ಬಳಕೆದಾರನ ಸೆಟ್ಟಿಂಗುಗಳಲ್ಲಿದೆ ಎಂದು ತಿಳಿಯಬಹುದು. ಅಲ್ಲಿಯೂ ಕಂಡರೆ ದೋಷವು ಎಲ್ಲರಿಗೂ ಸೇರಿದ ಫೈಲುಗಳಲ್ಲಿದೆ. ಒಂದೇ ಪ್ರಶ್ನೆಯಿಂದ ಅರ್ಧ ಕಾಡನ್ನು ಹುಡುಕುವ ಶ್ರಮ ತಪ್ಪುತ್ತದೆ.

ಐದನೆಯದಾಗಿ, ದೋಷವು ಸಮಾನ ಫೈಲುಗಳಲ್ಲಿದೆಯೆಂದು ಕಂಡರೆ ವಿಂಡೋಸಿನದೇ ಆದ ಎರಡು ಪರೀಕ್ಷಕರನ್ನು ಕರೆಯಬೇಕು. ಎಸ್.ಎಫ್.ಸಿ. ಎಂಬುದು ವ್ಯವಸ್ಥೆಯ ಫೈಲುಗಳನ್ನು ಉಗ್ರಾಣದಲ್ಲಿರುವ ಶುದ್ಧ ಪ್ರತಿಗಳೊಡನೆ ಹೋಲಿಸಿ, ಕೆಟ್ಟುದನ್ನು ಬದಲಿಸುತ್ತದೆ. ಉಗ್ರಾಣವೇ ಕೆಟ್ಟಿದ್ದರೆ ಅದನ್ನು ಸರಿಪಡಿಸುವುದು ಡಿ.ಐ.ಎಸ್.ಎಂ. ಎಂಬ ಇನ್ನೊಂದರ ಕೆಲಸ. ವಿಂಡೋಸ್ ೮ ಮತ್ತು ಅದರ ಮುಂದಿನವುಗಳಲ್ಲಿ ಅದು ಬೇಕಾದ ಫೈಲುಗಳನ್ನು ಜಾಲದ ಮೂಲಕ ಮೈಕ್ರೋಸಾಫ್ಟಿನಿಂದಲೇ ತರಿಸಿಕೊಳ್ಳಬಲ್ಲದು. ಆದುದರಿಂದ ಮೊದಲು ಉಗ್ರಾಣವನ್ನು ಶುದ್ಧಗೊಳಿಸಿ ಅನಂತರ ಹೋಲಿಕೆಯನ್ನು ನಡೆಯಿಸುವುದು ಲೇಸು.

ಆರನೆಯದು ಸಿಸ್ಟಮ್ ರಿಸ್ಟೋರ್. ಇದು ೨೦೦೦ದ ವಿಂಡೋಸ್ ಎಂಇ ಕಾಲದಿಂದ ಇರುವ ಸೌಕರ್ಯ. ಬಿಡಿ ತಂತ್ರಾಂಶವೊಂದನ್ನಲ್ಲದೆ, ವ್ಯವಸ್ಥೆಯ ಫೈಲುಗಳನ್ನೂ ರಿಜಿಸ್ಟ್ರಿಯನ್ನೂ ಒಟ್ಟಾಗಿ ಒಂದು ದಿನದ ಸ್ಥಿತಿಗೆ ಇದು ಕೊಂಡೊಯ್ಯುತ್ತದೆ. ಊರನ್ನೇ, ಹಗ್ಗ-ರಾಟೆಗಳ ಸಮೇತ, ಹಿಂದಿನ ದಿನಕ್ಕೆ ಒಯ್ದಂತೆ ಎನ್ನಬಹುದು. ನಮ್ಮ ಪತ್ರ-ಚಿತ್ರಗಳನ್ನು ಅದು ಮುಟ್ಟುವುದಿಲ್ಲ. ಆ ದಿನದಿಂದೀಚೆಗೆ ಹಾಕಿದ ತಂತ್ರಾಂಶಗಳು ಮಾತ್ರ ಹೋಗುತ್ತವೆ. ಆದರೆ ಗುರುತಿನ ಬಿಂದುವನ್ನು ಮೊದಲೇ ಇಟ್ಟಿರಬೇಕು. ಅನೇಕ ಯಂತ್ರಗಳಲ್ಲಿ ಈ ಸೌಕರ್ಯವು ಮುಚ್ಚಿಯೇ ಇರುವುದರಿಂದ, ಯಂತ್ರವು ಆರೋಗ್ಯವಾಗಿರುವ ದಿನವೇ ಅದನ್ನು ತೆರೆದಿಟ್ಟುಕೊಳ್ಳುವುದು ಜಾಣತನ.

ಒಂದು ಬಾರಿಗೆ ಒಂದೇ ಬದಲಾವಣೆ, ಪ್ರತಿಯೊಂದರ ಅನಂತರವೂ ಪರೀಕ್ಷೆ, ಎಲ್ಲದರ ಬರವಣಿಗೆ—ಈ ಮೂರು ನಿಯಮಗಳನ್ನು ಎಲ್ಲ ಹೆಜ್ಜೆಗಳಲ್ಲಿಯೂ ಪಾಲಿಸಬೇಕು. ಇಲ್ಲದ ಡಿ.ಎಲ್.ಎಲ್. ಫೈಲೊಂದನ್ನು ಯಾವುದೋ ಅಪರಿಚಿತ ಸ್ಥಳದಿಂದ ತಂದು ಹಾಕುವುದು, ರಿಜಿಸ್ಟ್ರಿಯನ್ನು ತೊಳೆದು ಕೊಡುತ್ತೇವೆನ್ನುವ ಮಾಯಾಮದ್ದುಗಳನ್ನು ನಂಬುವುದು—ಇವು ಕಾಯಿಲೆಗಿಂತ ಹೆಚ್ಚಿನ ಅಪಾಯಗಳು.

ಮರಳಿ ಹಾಕುವುದೇ ಮದ್ದು

ಇಷ್ಟಾದರೂ ಗುಣವಾಗದಿದ್ದರೆ? ಕೇಳಲು ವಿಚಿತ್ರವಾದರೂ, ತೆಗೆದುಹಾಕಿದ ನವೀಕರಣವನ್ನೇ ಮತ್ತೆ ಹಾಕುವುದು ಅನೇಕ ವೇಳೆ ಉತ್ತಮವಾದ ಚಿಕಿತ್ಸೆ. ಅದರೊಳಗಿನ ಫೈಲುಗಳೂ ವಿಳಾಸಗಳೂ ಒಂದಕ್ಕೊಂದು ಹೊಂದುವಂತೆ ಒಟ್ಟಿಗೆ ಪರೀಕ್ಷೆಗೊಳಗಾದ ಒಂದು ತಂಡ. ತೆಗೆದ ಮೇಲೆ ಉಳಿದಿರುವುದು ತಂಡವಲ್ಲ, ಗುಂಪು. ತಂಡವನ್ನು ಮತ್ತೆ ನಿಲ್ಲಿಸಿದ ಮೇಲೆ, ಆರಂಭದಲ್ಲಿ ಬೇಸರ ತಂದ ದೋಷಕ್ಕೆ ಬೇರೆ ಪರಿಹಾರವನ್ನು ಹುಡುಕಬಹುದು: ಬ್ರೌಸರಿಗೆ ಅಂಟಿಸಿದ ಹಳೆಯ ಸೇರ್ಪಡೆಗಳನ್ನು ಒಂದೊಂದಾಗಿ ನಿಲ್ಲಿಸಿ ನೋಡಬಹುದು, ಬ್ಯಾಂಕಿನ ಆ ಒಂದು ಪುಟಕ್ಕೆ ಬೇರೊಂದು ಬ್ರೌಸರನ್ನು ಉಪಯೋಗಿಸಬಹುದು.

ಹಿಂದಕ್ಕೆ ಹೋಗಬಾರದೆಂಬುದಕ್ಕೆ ಮತ್ತೊಂದು ಗಂಭೀರವಾದ ಕಾರಣವುಂಟು. ನವೀಕರಣವು ಹೊಸ ಗುಂಡಿಗಳನ್ನಷ್ಟೇ ತರುವುದಿಲ್ಲ. ಕಳ್ಳರು ಕಂಡುಹಿಡಿದಿರುವ ಕಂಡಿಗಳನ್ನೂ ಮುಚ್ಚುತ್ತದೆ. ೨೦೨೧ರ ಸೆಪ್ಟೆಂಬರಿನಲ್ಲಿ, ಮೇಲೆ ಹೇಳಿದ ಎಂ.ಎಸ್.ಎಚ್.ಟಿ.ಎಂ.ಎಲ್. ಫೈಲಿನಲ್ಲಿದ್ದ ಒಂದು ಕಂಡಿಯ ಮೂಲಕ, ಆಫೀಸ್ ದಸ್ತಾವೇಜುಗಳ ವೇಷದಲ್ಲಿ ದುಷ್ಟ ಆಜ್ಞಾವಳಿಗಳು ಯಂತ್ರಗಳೊಳಗೆ ನುಗ್ಗುತ್ತಿರುವುದು ಪ್ರಕಟವಾಯಿತು; ಕೆಲವೇ ದಿನಗಳಲ್ಲಿ ಅದಕ್ಕೆ ದುರಸ್ತಿಯೂ ಬಂದಿತು. ಹಳೆಯ ಬ್ರೌಸರನ್ನು ವರ್ಷಗಳಿಂದ ತೆರೆಯದಿದ್ದವರೂ ಅಪಾಯಕ್ಕೆ ಈಡಾಗಿದ್ದರು. ಏಕೆಂದರೆ ಗಾಡಿಯನ್ನು ಮೂಲೆಗೆ ತಳ್ಳಿದ್ದರೂ ಎತ್ತು ಹಿತ್ತಲಲ್ಲಿಯೇ ಇತ್ತು. ಅಂತಹ ದುರಸ್ತಿಯನ್ನು ತೆಗೆದವನು ಮುಚ್ಚಿದ ಕಂಡಿಯನ್ನು ತಾನೇ ತೆರೆದಂತಾಗುತ್ತದೆ; ಆ ವೇಳೆಗೆ ಕಂಡಿ ಎಲ್ಲಿದೆಯೆಂಬುದು ಕಳ್ಳರಿಗೆಲ್ಲ ತಿಳಿದಿರುತ್ತದೆ.

ಇಂಟರ್ನೆಟ್ ಎಕ್ಸ್‌ಪ್ಲೋರರ್ ೨೦೨೨ರ ಜೂನ್ ೧೫ರಂದು ನಿವೃತ್ತವಾಯಿತು. ಅದರ ಸ್ಥಾನದಲ್ಲಿ ಬಂದಿರುವ ಎಡ್ಜ್ ಬ್ರೌಸರಿನಲ್ಲಿ ಹಳೆಯ ಪುಟಗಳಿಗಾಗಿ ಒಂದು ಹಳೆಯ ರೀತಿಯನ್ನು ಉಳಿಸಿಕೊಂಡಿದ್ದಾರೆ. ಅದರೊಳಗೆ ದುಡಿಯುವುದು ಆ ಮುದಿ ಎತ್ತೇ. ಐರೋಪ್ಯ ಒಕ್ಕೂಟದ ಹೊಸ ಕಾನೂನಿನ ದೆಸೆಯಿಂದ ೨೦೨೪ರಿಂದ ಅಲ್ಲಿಯ ಜನರು ಎಡ್ಜನ್ನು ತೆಗೆದುಹಾಕಬಹುದಾಗಿದೆ. ಆದರೆ ಇತರ ತಂತ್ರಾಂಶಗಳು ಪುಟ ಬಿಡಿಸಲು ನೆಚ್ಚಿಕೊಂಡಿರುವ ವೆಬ್‌ವ್ಯೂ ಎಂಬ ಅಂಗವು ಪ್ರತ್ಯೇಕವಾದುದು. ಬ್ರೌಸರು ಹೋದರೂ ಅದು ಉಳಿಯುತ್ತದೆ. ೧೯೯೮ರಲ್ಲಿ ನ್ಯಾಯಾಲಯದ ಮುಂದೆ ಬಂದಿದ್ದ ಪ್ರಶ್ನೆಗೆ ಕಾಲವು ಕೊಟ್ಟಿರುವ ಉತ್ತರವಿದು: ಗಾಡಿಯನ್ನು ತೆಗೆಯುವ ಹಕ್ಕು ಮನೆಯ ಯಜಮಾನನದು; ಎತ್ತಿಗೆ ಹಲವು ನೊಗಗಳಿದ್ದಲ್ಲಿ ಅದನ್ನು ಬಿಚ್ಚುವ ಮೊದಲು ಹಲವರನ್ನು ಕೇಳಬೇಕು.

ಆದುದರಿಂದ ಯಾವ ನವೀಕರಣವನ್ನಾದರೂ ಹಾಕುವ ಮುನ್ನ ಗುರುತಿನ ಬಿಂದುವೊಂದನ್ನು ಇಟ್ಟುಕೊಳ್ಳೋಣ. ತೆಗೆಯುವ ಮುನ್ನ, ಇದು ಬಂದಂದಿನಿಂದ ಇದರ ಮೇಲೆ ಬೇರೇನೇನು ಬಂದು ಕುಳಿತಿದೆಯೆಂದು ಒಮ್ಮೆ ಕೇಳಿಕೊಳ್ಳೋಣ. ತಟ್ಟೆಯ ಮೇಲಣ ಫೈಲುಗಳನ್ನು ಹಿಂದಕ್ಕೆ ತರಬಹುದು. ಅವುಗಳ ಸುತ್ತ ಬೆಳೆದ ಸಂಬಂಧಗಳು ಹಿಂದಕ್ಕೆ ಬರುವುದಿಲ್ಲ. ಈ ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಂಡವನಿಗೆ ಯಂತ್ರದ ಕಾ‍ಯಿಲೆಯು ಮಾಟವಾಗಿ ಕಾಣುವುದಿಲ್ಲ. ಕಾರಣವುಳ್ಳ, ಆದುದರಿಂದ ಪರಿಹಾರವೂ ಉಳ್ಳ ಒಂದು ಸಾಮಾನ್ಯ ಸಂಗತಿಯಾಗಿ ಕಾಣುತ್ತದೆ.